ಕತ್‌ಬರ್ಟನ ಪಾತಿ

ಫೆಬ್ರವರಿ 3, 1987. ಮಂಗಳವಾರ. ಬೆಳಿಗ್ಗೆ

ಗಾಜಿನಮನೆಗೆ ಆಗಲೇ ಎರಡು ಸಲ ಹೋಗಿ ಬಂದಾಯಿತು. ಸೀಮೆಎಣ್ಣೆ ಸ್ಟೌ ಆರಿಲ್ಲ. ಈರುಳ್ಳಿ ಜಾತಿಯ ಲೀಕ್ ಸಸಿಗಳು ಹಸಿರು ದಾರದ ಹಾಗೆ ನೆಟ್ಟಗೆ ನಿಂತಿವೆ. ಕ್ರಿಸ್‌ಮಸ್‌ಗೆ ಮೊದಲು ನನ್ನ ಗಂಡ ಕತ್‌ಬರ್ಟ್ ಎಬ್ಬಿಸಿದ್ದು. ಎಬ್ಬಿಸಿದವನು ಜನವರಿಯಲ್ಲಿ ಹೋದ. ಇವು ನಿಂತಿವೆ.

ಪರದೆ ಸರಿಸಿದೆ. ಎದುರು ಮನೆಯ ಕಿಟಕಿಯಲ್ಲಿ ಬೆಳ್ಳಿ ಕಪ್. ಎಂದಿನಂತೆ. ಮೈದುನ ವಿಲ್ಫ್ ಅದನ್ನು ಒಳಗೆ ಬೀರುವಿನಲ್ಲಿ ಇಡಬಹುದು. ಇಡುವುದಿಲ್ಲ. ಅಣ್ಣನ ಮನೆಗೆ ಕಾಣಬೇಕು. ನಾನು ಸೊಸೆಯಾಗಿ ಬಂದಾಗಿನಿಂದ ಪ್ರತಿ ಸೆಪ್ಟೆಂಬರಿನಲ್ಲೂ ಕ್ಲಬ್ಬಿನ ಲೀಕ್ ಪ್ರದರ್ಶನದಲ್ಲಿ ತಮ್ಮ ಮೊದಲು, ಅಣ್ಣ ಎರಡನೆಯವನು. ಗಣಿ ಮುಚ್ಚಿತು. ರೈಲು ನಿಂತಿತು. ಇದೊಂದು ಬದಲಾಗಲಿಲ್ಲ.

ಆಸ್ಪತ್ರೆಯಲ್ಲಿ ಕತ್‌ಬರ್ಟ್ ಕೊನೆಯ ಸಲ ಸ್ಪಷ್ಟವಾಗಿ ಹೇಳಿದ್ದು:

“ವಿನ್, ನನ್ನನ್ನ ಗೋಡೆ ಪಕ್ಕದ ಪಾತಿಗೆ ಹಾಕು. ಚರ್ಚ್ ಬೇಡ, ಸಮುದ್ರ ಬೇಡ. ಈ ಸಲ ಅವನು ಸೋಲ್ಬೇಕು.”

“ಸರಿ” ಅಂದೆ. ನಾನು ಸರಿ ಅಂದರೆ ಸರಿ.

ಫೆಬ್ರವರಿ 8, ಭಾನುವಾರ. ಮಧ್ಯಾಹ್ನ

ಆಯಿತು.

ಬೀದಿಯೆಲ್ಲ ಊಟಕ್ಕೆ ಕೂತ ಹೊತ್ತು ನೋಡಿ ಗುದ್ದಲಿ ಹಿಡಿದೆ. ಕೆಳಗೆ ಕುದುರೆ ಲದ್ದಿ, ಮೇಲೆ ಕತ್‌ಬರ್ಟ್, ಅದರ ಮೇಲೆ ಎಲೆಗೊಬ್ಬರ. ಚಿತಾಗಾರದವರು ಕೊಟ್ಟ ಕಂದು ಡಬ್ಬಿಯಲ್ಲಿ ಇಷ್ಟೊಂದು ಬೂದಿ ಇರುತ್ತದೆಂದು ಗೊತ್ತಿರಲಿಲ್ಲ. ದೊಡ್ಡ ಆಳು. ಪ್ರಾರ್ಥನೆ ಹೇಳಿದೆ. “ಇನ್ನು ನಿನ್ನ ಕೆಲಸ ನೀನು ಮಾಡು” ಅಂತಲೂ ಹೇಳಿದೆ. ಅಳಲಿಲ್ಲ. ಅಳುತ್ತ ಅಗೆದರೆ ಪಾತಿ ಸೊಟ್ಟಗಾಗುತ್ತದೆ.

ಡಬ್ಬಿ ಖಾಲಿ ಇಡುವಂತಿಲ್ಲ. ಮಗಳು ಡೊರೀನ್ ಮನೆಗೆ ಬಂದರೆ ಎಲ್ಲವನ್ನೂ ಎತ್ತಿ ನೋಡುತ್ತಾಳೆ. ಬೆಂಕಿಗೂಡಿನ ಕಲ್ಲಿದ್ದಲ ಬೂದಿ ತುಂಬಿ ಮುಚ್ಚಳ ಬಿಗಿದೆ. ಷೆಲ್ಫಿನ ಮೇಲೆ, ಗಡಿಯಾರದ ಪಕ್ಕ.

ಯಾರಿಗೂ ಹೇಳುವುದಿಲ್ಲ. ಪಾತಿಗೆ ಏನು ಹಾಕಿದೆ ಎಂಬುದನ್ನು ಲೀಕ್ ಬೆಳೆಯುವವರು ಪಾದ್ರಿಗೂ ಹೇಳುವುದಿಲ್ಲ. ವಿಲ್ಫ್ ಏನು ಹಾಕುತ್ತಾನೆಂದು ಅವನ ಹೆಂಡತಿಗೇ ಗೊತ್ತಿರಲಿಲ್ಲ, ಗೊತ್ತಾಗದೆಯೇ ಸತ್ತಳು ಪಾಪ.

ಏಪ್ರಿಲ್ 19, ಈಸ್ಟರ್

ಸಸಿಗಳನ್ನು ಪಾತಿಗೆ ಇಳಿಸಿದೆ. ಸೊಂಟ ಹಿಡಿದುಕೊಂಡಿದೆ. ಇರಲಿ.

ಕ್ಲಬ್ಬಿನಲ್ಲಿ ಹೆಂಗಸರಿಗೆ ಸದಸ್ಯತ್ವ ಇಲ್ಲ. ಡಿಸೆಂಬರ್ ತನಕ ಕತ್‌ಬರ್ಟನ ಹೆಸರು ಅಲ್ಲಿದೆ; ಅವನ ಹೆಸರಲ್ಲೇ ಸ್ಪರ್ಧೆಗೆ ಇಡುತ್ತೇನೆ ಎಂದು ಕಾರ್ಯದರ್ಶಿ ಆಂಬ್ರೋಸ್ ಹೆಡ್ಲಿಗೆ ಹೇಳಿ ಬಂದೆ. ಕೇಳಲಿಲ್ಲ, ಹೇಳಿದೆ. ತಲೆ ಕೆರೆದುಕೊಂಡು “ನೋಡೋಣಮ್ಮ” ಅಂದ. ನೋಡುವುದೇನು ಬಂತು.

ಡೊರೀನ್ ಫೋನ್. ಸೆಪ್ಟೆಂಬರಿನಲ್ಲಿ ಎಲ್ಲರೂ ಸೇರಬೇಕಂತೆ. ಮಗ ಲೆಸ್ಲಿಗೂ ಆಗಲೇ ರಜೆಯಂತೆ. ಅಪ್ಪನ ಬೂದಿಯನ್ನು ಸಮುದ್ರಕ್ಕೆ ಬಿಡಬೇಕಂತೆ.

“ಅಪ್ಪಂಗೆ ಸಮುದ್ರ ಅಂದ್ರೆ ಪ್ರಾಣ ಅಮ್ಮಾ!”

ದೋಣಿಯ ಚಿತ್ರ ನೋಡಿದರೂ ವಾಂತಿ ಮಾಡಿಕೊಳ್ಳುತ್ತಿದ್ದ ಮನುಷ್ಯ. “ಸರಿ ಬನ್ನಿ” ಅಂದೆ. ದಿನ ಗೊತ್ತು ಮಾಡಿದ್ದು ಪ್ರದರ್ಶನದ ಹಿಂದಿನ ದಿನವೇ. ಇವಳ ಬುದ್ಧಿಗೆ ಏನನ್ನೋಣ.

ಜೂನ್ 24, ಬುಧವಾರ

ಮಣಿಕಟ್ಟಿನಷ್ಟು ದಪ್ಪ! ಜೂನಿನಲ್ಲೇ!

ವಿಲ್ಫ್ ಹಿತ್ತಲ ಓಣಿಯಲ್ಲಿ, ಗೋಡೆಯಾಚೆ ಪೈಪ್ ಸೇದುತ್ತ ನಿಂತಿದ್ದ. ಪಾತಿಯಿಂದ ಕಣ್ಣು ಕೀಳಲಿಲ್ಲ.

“ಏನ್ ಹಾಕ್ತಿದ್ದೀರ ಅತ್ತಿಗೆ?”

“ನೀರು.”

“ನೀರಂತೆ!”

“ನಿಮ್ಮಣ್ಣ ಬಿಟ್ಟುಹೋದದ್ದು ಇನ್ನೂ ಸ್ವಲ್ಪ ಇತ್ತು. ಅದನ್ನೂ ಹಾಕ್ದೆ.”

ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ.

ಸೆಪ್ಟೆಂಬರ್ 5, ಶನಿವಾರ

ಇವತ್ತು ಕಮಿಟಿಯವರು ಮೊಹರು ಹಾಕಲು ಬಂದರು. ಪ್ರದರ್ಶನಕ್ಕೆ ಮೊದಲು ಮನೆ ಮನೆಗೆ ಬಂದು ಎಲೆಗೆ ನೀಲಿ ಮೊಹರು ಒತ್ತುತ್ತಾರೆ, ಬೇರೆಯವರ ಲೀಕ್ ತಂದು ನನ್ನದೆಂದು ಯಾರೂ ಇಡಬಾರದೆಂದು. ಆಗ ಸದಸ್ಯ ಸ್ವತಃ ತೋಟದಲ್ಲಿ ಹಾಜರಿರಬೇಕು. ಹಳೆಯ ನಿಯಮ.

ಆಂಬ್ರೋಸ್ ಮೊಹರಿನ ಪೆಟ್ಟಿಗೆ ಹಿಡಿದು ಮುಂದೆ. ಕಮಿಟಿಯವನೆಂಬ ನೆಪದಲ್ಲಿ ವಿಲ್ಫ್ ಹಿಂದೆ. ಪಾತಿ ನೋಡಿ ಆಂಬ್ರೋಸ್ ಬಗ್ಗಿದ, ವಿಲ್ಫ್ ಬೂಟುಗಾಲಲ್ಲೇ ಮಣ್ಣಿಗೆ ಇಳಿದ. ಮೂರು ಲೀಕುಗಳು ಮಗುವಿನ ತೊಡೆಯಷ್ಟು ದಪ್ಪ, ಹಾಲಿನಂಥ ಬಿಳುಪು.

ವಿಲ್ಫ್ ಗಂಟಲು ಸರಿಮಾಡಿಕೊಂಡ. “ಸದಸ್ಯ ಎಲ್ಲಿ?”

“ಇಲ್ಲೇ ಇದ್ದಾನೆ. ಒತ್ತಿ.”

ಆಂಬ್ರೋಸ್ ನನ್ನ ಮುಖ ನೋಡಿ ಟೋಪಿ ತೆಗೆದ. ದುಃಖದಲ್ಲಿ ತಲೆ ಸ್ವಲ್ಪ ಆಚೀಚೆ ಆಗಿದೆ ಎಂದುಕೊಂಡಿರಬೇಕು. ಒತ್ತಿದ. ವಿಲ್ಫ್ ಮೂಗಿನಲ್ಲೇ ನಕ್ಕ. ಆ ನಗು ನನಗೆ ಗೊತ್ತು. ಯಾವುದನ್ನೋ ಪ್ರದರ್ಶನದ ದಿನಕ್ಕೆಂದು ಎತ್ತಿಟ್ಟುಕೊಂಡಿದ್ದಾನೆ.

ಸೆಪ್ಟೆಂಬರ್ 17, ಗುರುವಾರ. ಸಂಜೆ

ಎಲ್ಲರೂ ಬಂದರು. ಮನೆ ರೈಲ್ವೆ ಸ್ಟೇಷನ್ ಆಗಿದೆ.

ಡೊರೀನ್ ಕೋಟು ಬಿಚ್ಚುವ ಮೊದಲೇ ಡಬ್ಬಿಯನ್ನು ತಬ್ಬಿಕೊಂಡು ಅತ್ತಳು. “ಅಪ್ಪಾ, ಎಷ್ಟು ಹಗುರ ಆಗಿಬಿಟ್ಟಿದ್ದೀಯ!” ಲೆಸ್ಲಿ ಬೋಳಾಗಿದ್ದಾನೆ, ಯಾರೂ ಹೇಳಬಾರದಂತೆ. ಅವನ ಹೆಂಡತಿ ಫೆಲಿಸಿಟಿ ಲಂಡನ್ ಕಡೆಯವಳು, ಇಡೀ ಹೊತ್ತು ಸಹಾಯ ಮಾಡುತ್ತಾಳೆ. ತೊಳೆದ ಬಟ್ಟಲನ್ನು ಮತ್ತೆ ತೊಳೆಯುತ್ತಾಳೆ. ನನ್ನ ಅಡುಗೆಮನೆಯಲ್ಲಿ ಯಾರೂ ಸಹಾಯ ಮಾಡುವುದು ನನಗೆ ಬೇಕಿಲ್ಲ.

“ನೀವು ಸುಮ್ನೆ ಕೂತ್ಕೊಳ್ಳಿ ಅತ್ತೆ. ನಾಳೆ ಊಟ ನಂದು.”

ಕೂರಲಿಲ್ಲ. ಆದರೆ ಹೆಚ್ಚು ಮಾತೂ ಆಡಲಿಲ್ಲ.

ಸೆಪ್ಟೆಂಬರ್ 18, ಶುಕ್ರವಾರ. ಸಂಜೆ

ಕ್ರಮವಾಗಿ ಬರೆಯುತ್ತೇನೆ.

ಬೆಳಿಗ್ಗೆ ಸಮುದ್ರದ ದಂಡೆ. ಕರಿ ಉಡುಪಿನಲ್ಲಿ ಎಲ್ಲರೂ. ವಿಲ್ಫ್ ಕೂಡ, ಟೋಪಿ ಎದೆಗೆ ಒತ್ತಿಕೊಂಡು. ತಲೆನೋವೆಂದು ಫೆಲಿಸಿಟಿ ಮನೆಯಲ್ಲೇ ಉಳಿದಳು. ಡೊರೀನ್ ತಾನೇ ಬರೆದ ಪದ್ಯ ಓದಿದಳು, ಅಲೆಗಳ ಮೇಲೆ, ಉದ್ದಕ್ಕೆ. ಆಮೇಲೆ ಮುಚ್ಚಳ ತೆಗೆದು ಬೀಸಿದಳು. ಗಾಳಿ ಯಾವ ಕಡೆಯದು ಎಂದು ನೋಡಲಿಲ್ಲ. ನನ್ನ ಬೆಂಕಿಗೂಡಿನ ಅಷ್ಟೂ ಬೂದಿ ತಿರುಗಿ ನಮ್ಮ ಮೇಲೇ ಬಂತು. ಉರಿದು ಗಟ್ಟಿಯಾದ ಕಲ್ಲಿದ್ದಲ ಕಿಟ್ಟದ ಒಂದು ಉಂಡೆ ಲೆಸ್ಲಿಯ ಬೋಳು ಹಣೆಗೆ ಠಣ್ಣೆಂದು ಬಡಿಯಿತು.

“ಅಪ್ಪನ ಮೂಳೆ!” ಎಂದು ಚೀರಿ ಡೊರೀನ್ ಅದನ್ನು ಮರಳಿನಿಂದ ಹೆಕ್ಕಿದಳು. ಮುತ್ತಿಟ್ಟಳು. ಕರವಸ್ತ್ರದಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡಳು. ಲೆಸ್ಲಿ ಹಣೆಯುಜ್ಜುತ್ತ, “ಅಪ್ಪ ನನ್ನ ಬೈಯದೆ ಯಾವತ್ತು ಬಿಟ್ಟಿದ್ದಾರೆ?” ಅಂದ. ವಿಲ್ಫ್ ಒಂದು ಹಿಡಿ ನುಂಗಿ ಕೆಮ್ಮುತ್ತಿದ್ದ. ನಾನು ಕೈಚೀಲದಿಂದ ಬ್ರಷ್ ತೆಗೆದು ಎಲ್ಲರ ಕೋಟು ಒರೆಸಿದೆ. ನನ್ನ ಮುಖದಲ್ಲಿ ಒಂದು ಗೆರೆ ಅಲುಗಿರಲಿಕ್ಕಿಲ್ಲ.

ಮನೆಗೆ ಬಂದರೆ ಘಮಘಮ. ಮೇಜಿನ ನಡುವೆ ದೊಡ್ಡ ಪಾತ್ರೆ. ಹಸಿದಿದ್ದೆವು, ಕೂತೆವು. ಲೆಸ್ಲಿ ಎರಡು ಬಟ್ಟಲು ಮುಗಿಸಿ ಬ್ರೆಡ್ಡಿನಿಂದ ಒರೆಸಿದ.

“ಇದು ಕಣೇ ಮನೆ ರುಚಿ! ಲಂಡನ್ನಲ್ಲಿ ಎಲ್ಲಿ ಸಿಗತ್ತೆ ಇಂಥ ಲೀಕ್ ಸೂಪ್?”

ಚಮಚ ಬಾಯಿಯ ಹತ್ತಿರ ಇತ್ತು. ಕೆಳಗಿಟ್ಟೆ.

“ಯಾವ ಲೀಕು?”

“ಹಿತ್ತಲಲ್ಲೇ ಇತ್ತಲ್ಲ ಅತ್ತೆ, ಗೋಡೆ ಪಕ್ಕ” ಅಂದಳು ಫೆಲಿಸಿಟಿ. “ಬಲಿತುಹೋಗಿದ್ವು ಪಾಪ. ಒಂದನ್ನೇ ಕಿತ್ತೆ, ಅಷ್ಟೂ ಜನಕ್ಕೆ ಸಾಕಾಯ್ತು. ಎಲೆ ಮೇಲೆ ನೀಲಿ ಮೊಹರು ಬೇರೆ ಇತ್ತು, ಅಂಗಡಿ ಗುರುತು ಅಂದ್ಕೊಂಡೆ.”

ನೆಲದಲ್ಲಿ ಬೇರು ಬಿಟ್ಟದ್ದಕ್ಕೆ ಅಂಗಡಿ ಗುರುತು.

ಡೊರೀನ್ ಹೆದರಿ ನನ್ನ ಮುಖ ನೋಡಿದಳು. ಅವಳು ಈ ಊರಲ್ಲೇ ಹುಟ್ಟಿದವಳು, ಮೊಹರು ಎಂದರೇನೆಂದು ಗೊತ್ತು. “ಅಯ್ಯೋ ಫೆಲಿಸಿಟಿ, ಅದು ನಾಳೆ ಪ್ರದರ್ಶನದ್ದು ಕಣೇ!”

“ಈರುಳ್ಳಿ ಜಾತಿಯ ತರಕಾರಿಗೆ ಪ್ರದರ್ಶನಾನಾ?”

ಎದ್ದು ಹಿತ್ತಲಿಗೆ ಹೋದೆ. ಮೂರರಲ್ಲಿ ಎಲ್ಲಕ್ಕಿಂತ ದೊಡ್ಡದೇ ಹೋಗಿದೆ. ಜಾಗದಲ್ಲಿ ಒಂದು ಗುಂಡಿ. ಉಳಿದದ್ದು ಎರಡು. ಸ್ಪರ್ಧೆಗೆ ಜೋಡಿ ಬೇಕು. ಜೋಡಿಯೆಂದರೆ ಅವಳಿಗಳ ಹಾಗಿರಬೇಕು. ಇವೆರಡೂ ಒಂದೇ ಅಳತೆಯೋ ಅಲ್ಲವೋ, ಮಣ್ಣಿನಿಂದ ತೆಗೆಯುವವರೆಗೆ ಗೊತ್ತಾಗದು.

ಮಕ್ಕಳು ಅಪ್ಪನನ್ನು ಊಟ ಮಾಡಿದರು. ಅದಕ್ಕೆ ಬೇಸರವಿಲ್ಲ. ಬಟ್ಟಲು ಖಾಲಿ ಮಾಡಿದರು, ಅಷ್ಟು ಸಾಕು. ಆದರೆ ಕಪ್ — ಕಪ್ ತಪ್ಪಿದರೆ ಅವನಿಗೆ ಕೊಟ್ಟ ಮಾತು ತಪ್ಪಿತು.

ಸೆಪ್ಟೆಂಬರ್ 19, ಶನಿವಾರ. ಬೆಳಿಗ್ಗೆ

ತೆಗೆದೆ. ಬೇರು ಹರಿಯದ ಹಾಗೆ, ಬೆರಳಿನಿಂದ ಮಣ್ಣು ಸಡಿಲಿಸಿ. ಮೆತ್ತನೆ ಬಟ್ಟೆ ಅದ್ದಿ ತೊಳೆದೆ. ಪಕ್ಕ ಪಕ್ಕ ಮಲಗಿಸಿದೆ.

ಅವಳಿಗಳು.

ಶಹಬ್ಬಾಸ್ ಕತ್‌ಬರ್ಟ್.

ಸೆಪ್ಟೆಂಬರ್ 20, ಭಾನುವಾರ

ಚರ್ಚಿಗೆ ಹೋಗಲಿಲ್ಲ. ಮೊದಲು ಇದನ್ನು ಬರೆಯಬೇಕು.

ಕ್ಲಬ್ ತುಂಬಿತ್ತು. ಹಸಿರು ಬಟ್ಟೆ ಹಾಸಿದ ಮೇಜುಗಳ ಮೇಲೆ ಜೋಡಿ ಜೋಡಿ ಲೀಕುಗಳು. ತೀರ್ಪುಗಾರ ಬೇರೆ ಊರಿನವನು, ಯಾರ ಹೆಸರೂ ತಿಳಿಯದವನು. ಅಳೆದ, ಮತ್ತೆ ಅಳೆದ, ಕನ್ನಡಕ ಒರೆಸಿ ಇನ್ನೊಂದು ಸಲ ಅಳೆದ. ಆಂಬ್ರೋಸ್ ಮೈಕಿನ ಮುಂದೆ ನಿಂತು ಓದಿದ.

“ಎರಡನೇ ಸ್ಥಾನ, ವಿಲ್ಫ್ರೆಡ್ ಥರ್ಲ್‌ವೆಲ್.”

ಆ ಹೆಸರನ್ನು ಆ ಜಾಗದಲ್ಲಿ ಕೇಳಲು ನಾನು ಎಷ್ಟು ಸೆಪ್ಟೆಂಬರ್ ಕಾದಿದ್ದೇನೆ!

“ಮೊದಲನೇ ಸ್ಥಾನ, ಕತ್‌ಬರ್ಟ್ ಥರ್ಲ್‌ವೆಲ್.”

ಚಪ್ಪಾಳೆ ಶುರುವಾಗುವ ಮೊದಲೇ ವಿಲ್ಫ್ ಎದ್ದ.

“ತಕರಾರಿದೆ. ಮೊಹರಿನ ದಿನ ಸದಸ್ಯ ತೋಟದಲ್ಲಿ ಹಾಜರಿರಬೇಕು. ಇದ್ನಾ? ಅವತ್ತು ಷೆಲ್ಫಿನ ಮೇಲೆ ಡಬ್ಬೀಲಿ ಇದ್ದ. ನಿನ್ನೆ ನಾವೆಲ್ಲ ಸೇರಿ ಸಮುದ್ರಕ್ಕೆ ಬಿಟ್ವಿ. ಅರ್ಧ ನನ್ನ ಗಂಟಲಲ್ಲೇ ಇದ್ದಾನೆ. ಅತ್ತಿಗೆ ಬೇಜಾರ್ ಮಾಡ್ಕೋಬಾರ್ದು. ನಿಯಮ ಅಂದ್ರೆ ನಿಯಮ.”

ಸಭೆಯೆಲ್ಲ ಗುಸುಗುಸು. ಆಂಬ್ರೋಸ್ ಬೆವರುತ್ತಿದ್ದ. “ಅಮ್ಮಾ… ವಿಲ್ಫ್ ಹೇಳ್ತಿರೋದು…”

ಎದ್ದೆ. ಟೋಪಿ ಸರಿಮಾಡಿಕೊಂಡೆ. ಪಾತಿಗೆ ಹಾಕಿದ್ದನ್ನು ಹೇಳಬಾರದು ನಿಜ. ಆದರೆ ಅವನನ್ನು ಗೈರುಹಾಜರು ಅನ್ನಿಸಿಕೊಳ್ಳಲು ಬಿಡುವುದಿಲ್ಲ.

“ನಿನ್ನೆ ನೀವು ಸಮುದ್ರಕ್ಕೆ ಬಿಟ್ಟದ್ದು ನನ್ನ ಬೆಂಕಿಗೂಡಿನ ಬೂದಿ” ಅಂದೆ. “ಕತ್‌ಬರ್ಟ್ ಫೆಬ್ರವರಿಯಿಂದ ಪಾತೀಲಿದ್ದಾನೆ. ಈ ಲೀಕಿನ ಬುಡದಲ್ಲಿ. ಅವನೇ ಕೇಳ್ಕೊಂಡದ್ದು. ಮೊಹರು ಹಾಕಿದ ದಿನ ನೀವಿಬ್ಬರೂ ಅವನ ಪಕ್ಕಾನೇ ನಿಂತಿದ್ರಿ. ವಿಲ್ಫ್, ನೀನಂತೂ ಬೂಟು ಹಾಕ್ಕೊಂಡು ಅವನ ಮೇಲೇ ನಿಂತಿದ್ದೆ.”

ಬಿಯರ್ ಪೀಪಾಯಿಯ ನಲ್ಲಿ ತೊಟ್ಟಿಕ್ಕುವುದು ಕೇಳಿಸುತ್ತಿತ್ತು.

ಮೊದಲು ಬಾಯಿ ತೆರೆದವಳು ಡೊರೀನ್. ಬ್ಯಾಗಿನಿಂದ ಕರವಸ್ತ್ರ ತೆಗೆದಳು, ಬಿಚ್ಚಿದಳು. “ಹಾಗಾದ್ರೆ… ನಾನು ಮುತ್ತಿಟ್ಟಿದ್ದು?”

“ಕಿಟ್ಟ.”

ಲೆಸ್ಲಿಗೆ ತಡವಾಗಿ ಹೊಳೆಯಿತು. ಅವನಿಗೆ ಯಾವಾಗಲೂ ತಡವೇ. ಬಿಳಿಚಿದ. “ಅಮ್ಮಾ. ಸೂಪು.”

“ಎರಡು ಬಟ್ಟಲು” ಅಂದೆ.

ಫೆಲಿಸಿಟಿ ಬಾಯಿಗೆ ಕೈ ಹಿಡಿದು ಹೊರಗೆ ಓಡಿದಳು. ಲೆಸ್ಲಿ ಅವಳ ಹಿಂದೆ. ಬಾಗಿಲಲ್ಲಿ ಡಿಕ್ಕಿ, ಹ್ಯಾಮ್ ಸ್ಯಾಂಡ್‌ವಿಚ್ಚಿನ ತಟ್ಟೆ ನೆಲದ ಮೇಲೆ, ಯಾರದೋ ನಾಯಿ ಅದರ ಮೇಲೆ. ಒಬ್ಬ ಮುದುಕ ಶಿಲುಬೆ ಗುರುತು ಮಾಡಿಕೊಂಡ, ಅವನ ಪಕ್ಕದವನು ನಗಲು ಶುರುಮಾಡಿ ನಿಲ್ಲಿಸಲಾರದೆ ಹೋದ. ವಿಲ್ಫ್ ಮಾತ್ರ ಕುರ್ಚಿ ಹಿಡಿದು ನಿಂತೇ ಇದ್ದ. ತನ್ನ ಬೂಟು ನೋಡಿಕೊಳ್ಳುತ್ತಿದ್ದ.

ಕಮಿಟಿಯವರು ಸ್ನೂಕರ್ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಕೂರಲಿಲ್ಲ. ಡೊರೀನ್ ಪಕ್ಕಕ್ಕೆ ಬಂದು ನಿಂತಳು. ಕಣ್ಣು ಕೆಂಪು.

“ನಿಜವಾಗ್ಲೂ ಅಪ್ಪನೇ ಕೇಳಿದ್ರಾ?”

“ಕೇಳ್ದ.”

“ನಂಗೆ ಯಾಕಮ್ಮ ಹೇಳ್ಲಿಲ್ಲ?”

“ಪಾತಿ ವಿಷಯ ಹೇಳೋ ಹಾಗಿಲ್ಲ. ನಿಂಗೂ ಗೊತ್ತು.”

ಕಿಟ್ಟವನ್ನು ಮತ್ತೆ ಕರವಸ್ತ್ರದಲ್ಲಿ ಸುತ್ತಿದಳು. “ಅಪ್ಪಂಗೆ ಸಮುದ್ರ ಆಗ್ತಾನೇ ಇರ್ಲಿಲ್ಲ, ಅಲ್ವಾ?”

“ದಡದಲ್ಲೇ ವಾಂತಿ.”

ನಕ್ಕಳು. ಅಪ್ಪನ ನಗು, ಹಂದಿ ಗುಟುರು ಹಾಕಿದ ಹಾಗೆ, ಸಭೆಯೆಲ್ಲ ತಿರುಗಿ ನೋಡುವಂಥದ್ದು. ಜನವರಿಯಿಂದ ಆ ಸದ್ದು ಕೇಳಿರಲಿಲ್ಲ. ಟೋಪಿಯನ್ನು ಇನ್ನೊಂದು ಸಲ ಸರಿಮಾಡಿಕೊಳ್ಳಬೇಕಾಯಿತು.

ಆಂಬ್ರೋಸ್ ಹೊರಗೆ ಬಂದ. ಕೆಮ್ಮಿದ.

“ಸದಸ್ಯ ಹಾಜರಿರಬೇಕು ಅಂತ ನಿಯಮದಲ್ಲಿದೆ. ಯಾವ ಸ್ಥಿತೀಲಿ ಅಂತ ಇಲ್ಲ. ಮೊಹರು ಹಾಕೋಕೆ ಹೋದಾಗ ಕತ್‌ಬರ್ಟನಿಗಿಂತ ಕಡಿಮೆ ಎಚ್ಚರ ಇದ್ದ ಸದಸ್ಯರನ್ನ ನಾನೇ ಕಣ್ಣಾರೆ ನೋಡಿದ್ದೀನಿ, ಹೆಸರು ಬೇಡ. ಸ್ವಂತ ತೋಟ, ಸ್ವಂತ ಬೆಳೆ. ಇಷ್ಟು ಸ್ವಂತ ಇನ್ನೊಂದಿಲ್ಲ. ಕಪ್ ಕತ್‌ಬರ್ಟನದು.”

ಛಾವಣಿ ಹಾರಿಹೋಗುವಂಥ ಚಪ್ಪಾಳೆ. ಗಂಡಸರ ನಡುವೆ ನಡೆದುಹೋಗಿ ತೆಗೆದುಕೊಂಡೆ. ಭಾರವಿದೆ. ಕಿಟಕಿಯಲ್ಲಿ ಇಷ್ಟು ಭಾರವೆಂದು ಕಾಣುತ್ತಿರಲಿಲ್ಲ.

ಇನ್ನು ಸಾರು. ಪ್ರದರ್ಶನ ಮುಗಿದ ಮೇಲೆ ಗೆದ್ದ ಲೀಕುಗಳನ್ನು ದೊಡ್ಡ ಹಂಡೆಗೆ ಹಾಕಿ ಎಲ್ಲರಿಗೂ ಸಾರು ಬಡಿಸುವುದು ಇಲ್ಲಿಯ ಪದ್ಧತಿ. ಅಡುಗೆಯ ಹೆಂಗಸರು ಚಾಕು ಹಿಡಿದು ನನ್ನನ್ನೇ ನೋಡುತ್ತಿದ್ದರು. ಒಂದನ್ನು ಬೀಜಕ್ಕೆ ಎತ್ತಿಟ್ಟೆ. ಇನ್ನೊಂದನ್ನು ಹಲಗೆಯ ಮೇಲಿಟ್ಟೆ.

“ಹೆಚ್ಚಿ. ಗೆದ್ದವರು ಯಾವತ್ತೂ ಸಾರಿಗೆ ಕೊಡದೆ ಹೋದದ್ದಿಲ್ಲ.”

ಬಟ್ಟಲುಗಳು ಹೋದವು. ಯಾರೂ ಚಮಚ ಎತ್ತಲಿಲ್ಲ. ಎಲ್ಲರೂ ಎಲ್ಲರನ್ನೂ ನೋಡುತ್ತಿದ್ದರು. ಆಗ ವಿಲ್ಫ್ ಬಟ್ಟಲು ಹತ್ತಿರಕ್ಕೆ ಎಳೆದುಕೊಂಡ. ಕುಡಿದ. ಕಣ್ಣು ಮುಚ್ಚಿ ಇನ್ನೊಂದು ಚಮಚ. ಪೂರ್ತಿ ಮುಗಿಸಿದ.

“ಉಪ್ಪು ಸರಿಯಿದ್ಯಾ?” ಕೇಳಿದೆ.

“ಸ್ವಲ್ಪ ಮುಂದು.” ಖಾಲಿ ಬಟ್ಟಲನ್ನು ನನ್ನ ಕಡೆಗೇ ಚಾಚಿದ. “ಅಣ್ಣ ಯಾವಾಗ್ಲೂ ಹಾಗೇ. ಇನ್ನೊಂದ್ ಸೌಟು ಹಾಕಿ ಅತ್ತಿಗೆ.”

ಆಮೇಲೆ ಎಲ್ಲರೂ ಕುಡಿದರು. ಹಂಡೆಯ ತಳ ಕಂಡಿತು. ಫೆಲಿಸಿಟಿಯೂ ಒಳಗೆ ಬಂದು ಗೋಡೆಗೊರಗಿ ಅರ್ಧ ಬಟ್ಟಲು ಕುಡಿದಳು. ಪಾಪದ ಹುಡುಗಿ. ಮುಂದಿನ ಸಲ ಬಂದಾಗ ಆಲೂಗೆಡ್ಡೆ ಸುಲಿಯಲು ಬಿಡುತ್ತೇನೆ.

ಇವತ್ತು ಬೆಳಿಗ್ಗೆ ಪರದೆ ಸರಿಸಿದೆ. ಎದುರು ಕಿಟಕಿಯಲ್ಲಿ ಏನೂ ಇಲ್ಲ. ಕಪ್ ನಮ್ಮ ಕಿಟಕಿಯಲ್ಲಿದೆ, ಅವನಿಗೆ ಕಾಣುವ ಹಾಗೆ. ಒಳಗೆ ಜಾಗವಿಲ್ಲ.

ನವೆಂಬರ್ 15, ಭಾನುವಾರ

ಆಂಬ್ರೋಸ್ ಬಂದಿದ್ದ. ಜನವರಿಯಿಂದ ಹೆಂಗಸರಿಗೂ ಸದಸ್ಯತ್ವ. ಕಮಿಟಿ ಒಮ್ಮತದಿಂದ ಒಪ್ಪಿದೆಯಂತೆ.

“ಇಲ್ದಿದ್ರೆ ಊರಿನ ವಿಧವೆಯರೆಲ್ಲ ಗಂಡಂದಿರ ಹೆಸರಲ್ಲಿ ಶುರು ಹಚ್ಕೋತಾರಮ್ಮ. ಗಂಡಸರು ಹೆಂಡ್ತಿ ಕೊಟ್ಟ ಟೀ ಕುಡಿಯೋಕೇ ಹೆದರ್ತಿದ್ದಾರೆ.”

ಮೊದಲ ಹೆಸರು ನನ್ನದು.

ಅವನು ಹೋದ ಮೇಲೆ ವಿಲ್ಫ್ ಗೇಟಿನ ಹತ್ತಿರ ನಿಂತಿದ್ದ. ಒಳಗೆ ಕರೆದೆ. ಟೀ ಕೊಟ್ಟೆ. ಕುಡಿದ. ಕೆಮ್ಮು ಹೋಗಿಲ್ಲ ಇನ್ನೂ.

“ಅತ್ತಿಗೆ. ನನ್ನ ಸರದಿ ಬಂದಾಗ… ಪಾತೀಲಿ ಜಾಗ ಇರತ್ತಾ?”

“ಅಣ್ಣನ ಪಕ್ಕಾನಾ?”

“ಪಕ್ಕ ಬೇಡ, ಜಗಳ ಆಗತ್ತೆ. ಆ ಕಡೆ ಮೂಲೇಲಿ.”

“ಯಾರ ಹೆಸರಲ್ಲಿ ಸ್ಪರ್ಧೆಗೆ ಇಡೋದು?”

ಟೀ ಬಟ್ಟಲು ಕೆಳಗಿಟ್ಟ. ಜೀವಮಾನವಿಡೀ ಗೆದ್ದ ಮನುಷ್ಯ.

“ನಿಮ್ಮ ಹೆಸರಲ್ಲೇ.”

“ಸರಿ” ಅಂದೆ.

ಡಿಸೆಂಬರ್ 27, ಭಾನುವಾರ. ಮಧ್ಯಾಹ್ನ

ಹೊಸ ಸಸಿಗಳು ಎದ್ದಿವೆ. ಸ್ಟೌ ಹಚ್ಚಿದೆ. ಡೊರೀನ್ ಫೋನ್ ಮಾಡಿದ್ದಳು. ಕಿಟ್ಟದ ಗಟ್ಟಿಯನ್ನು ಎಸೆಯಲು ಮನಸ್ಸಿಲ್ಲವಂತೆ, ಷೆಲ್ಫಿನ ಮೇಲಿಟ್ಟಿದ್ದಾಳಂತೆ. ಇಡಲಿ.

ಮೂಲೆಯ ಪಾತಿ ಅಗೆದಿಟ್ಟೆ. ಆತುರವೇನಿಲ್ಲ. ಮಣ್ಣಿಗೆ ಗಾಳಿಯಾಡಬೇಕು ಅಷ್ಟೆ.

ವಿಲ್ಫ್ ಈಗ ಭಾನುವಾರದ ಊಟಕ್ಕೆ ಇಲ್ಲಿಗೇ ಬರುತ್ತಾನೆ. ಹೆಂಡತಿ ಹೋದಮೇಲೆ ಸರಿಯಾಗಿ ತಿಂದವನಲ್ಲ. ನಾನು ತಿನ್ನಿಸುತ್ತಿದ್ದೇನೆ. ಮಾಂಸದ ಸಾರು, ಅದರಲ್ಲಿ ಹಿಟ್ಟಿನ ಕಡುಬು, ಮೇಲೆ ಕೆನೆ. ಅಣ್ಣನಿಗಿಂತ ಎತ್ತರ. ಮೂಳೆಯೂ ದಪ್ಪ.

ಅಗೋ, ಬೀದಿ ದಾಟುತ್ತಿದ್ದಾನೆ. ಇವತ್ತು ಕೋಲು ಹಿಡಿದಿದ್ದಾನೆ. ಬಡವಾದ ಹಾಗೆ ಕಾಣುತ್ತಿದೆ. ಇದು ಸರಿಯಲ್ಲ. ಇನ್ನೆರಡು ಕಡುಬು ಹೆಚ್ಚಿಗೆ ಬೇಯಿಸಬೇಕು. ಬಂದ, ಬಾಗಿಲು ತಟ್ಟುತ್ತಿದ್ದಾನೆ.